ಗಂಟು ಹಾಕಿದ ಹಗ್ಗ

ಹೆಣದ ಮೈ ತೊಳೆಯಲು ಲಿಂಗಕ್ಕ ಎರಡನೆಯ ಕೊಡ ಎತ್ತಿದಾಗ ಮೂಕಮ್ಮ ಅವಳ ಕೈ ತಡೆದಳು.

“ಸಾಕು ಬಿಡ್ರಿ ಪಂತುಲಮ್ಮ. ಎರ್ರಮ್ಮತ್ತಿ ಬದುಕಿದ್ದಾಗ ಒಂದಿನಾನೂ ಇಷ್ಟು ನೀರು ಹಾಕ್ಕೊಂಡಾಕಿ ಅಲ್ಲ. ನಿಮ್ಮ ಸಾಲಿ ಹುಡುಗ್ರ ಮಾರಿ ತೊಳಿಯೋದ್ರಾಗ ಆಕಿ ಪಾಲಿನ ನೀರು ಮುಗೀತಿತ್ತು.”

ಸುತ್ತ ಕೂತ ಹೆಂಗಸರು ಅಳುತ್ತಲೇ ಸಣ್ಣಗೆ ನಕ್ಕರು. ಲಿಂಗಕ್ಕ ನಗಲಿಲ್ಲ. ತೆಲುಗು ಸೀಮೆಯೊಳಗಿನ ಆ ಕನ್ನಡ ಊರಿನ ಒಂದೇ ಕೋಣೆಯ ಶಾಲೆಗೆ ಅವಳೊಬ್ಬಳೇ ಪಂತುಲಮ್ಮ. ಬೆಳಗಿನಿಂದ ಅವಳ ಗಂಟಲಲ್ಲಿ ಒಂದು ಮಾತು ಜೋಳದ ತೆನೆಯ ಸುಂಕಿನಂತೆ ಚುಚ್ಚುತ್ತಿತ್ತು.

ಎರ್ರಮ್ಮನ ಜೀವ ಹೋದದ್ದು ನಸುಕಿನಲ್ಲಿ. ಹೆಣ ಎತ್ತುವ ತನಕ ಆ ಊರಲ್ಲಿ ಒಲೆ ಹೊತ್ತುವುದಿಲ್ಲ, ಶಾಲೆಗೆ ಮಗು ಹೋಗುವುದಿಲ್ಲ. ಆದೋನಿಯಿಂದ ಇನ್‌ಸ್ಪೆಕ್ಟರು ತಪಾಸಣೆಗೆ ಬಂದದ್ದೂ ಇವತ್ತೇ. ಖಾಲಿ ಕೋಣೆ ನೋಡಿದರು. ಸಾವಿನ ಸುದ್ದಿ ಹೇಳಿದರೆ, “ನಾನು ಹೋದ ಊರಲ್ಲೆಲ್ಲ ಅವತ್ತೇ ಒಬ್ಬರು ಸಾಯುತ್ತಾರಮ್ಮ” ಎಂದು ತೆಲುಗಿನಲ್ಲಿ ಅಂದು ಎದ್ದರು. ಹೋದ ವರ್ಷ ತಾವು ಬಂದ ದಿನವೂ ಅರ್ಧ ಮಕ್ಕಳು ಊರ ಹೊಲಗಳಿಗೆ ಹತ್ತಿ ಬಿಡಿಸಲು ಹೋಗಿದ್ದರು, ಈ ಶಾಲೆ ಮುಚ್ಚುವುದೇ ಸರಿ ಎಂದರು. ಲಿಂಗಕ್ಕ ಅಂಗಲಾಚಿದಳು. ಬಾಗಿಲಲ್ಲಿ ನಿಂತು ಒಂದು ದಾರಿ ಬಿಟ್ಟುಕೊಟ್ಟರು: ಸೋಮವಾರ ತಂದೆತಾಯಿಗಳೇ ಮಕ್ಕಳನ್ನು ಕರೆದುಕೊಂಡು ಆದೋನಿಗೆ ಬಂದು ಶಾಲೆ ಬೇಕೆಂದು ಕೇಳಲಿ.

ಕೋಸಗಿಯಿಂದ ನಾಳೆ ಬೆಳಗಿನ ರೈಲಿಗೆ ಅರ್ಧ ಊರು ಕಾಲುವೆ ತೋಡುವ ಕೆಲಸಕ್ಕೆ ಹೊರಟಿತ್ತು. ಹೇಳುವುದಾದರೆ ಇವತ್ತೇ ಹೇಳಬೇಕು. ಆದರೆ ಹೇಳಿದರೆ, ಎರ್ರಮ್ಮ ಸತ್ತು ಶಾಲೆಯನ್ನೂ ಜೊತೆಗೆ ಒಯ್ದಳು ಎಂದಂತೆ ಆಗುತ್ತದೆ.

*

ಲಿಂಗಕ್ಕ ಆ ಊರಿಗೆ ಬಂದ ಹೊಸತರಲ್ಲಿ ಮಕ್ಕಳು ಅವಳನ್ನು ಕಂಡರೆ ಜೋಳ ತುಂಬಿಡುವ ಗುಮ್ಮಿಯ ಹಿಂದೆ ಅಡಗುತ್ತಿದ್ದರು. ಎರ್ರಮ್ಮ ಶಾಲೆಯ ಕಸ ಗುಡಿಸಲು ಬರುತ್ತಿದ್ದವಳು. ಗಂಡ ಇಲ್ಲ, ಮಕ್ಕಳೂ ಆಗಿರಲಿಲ್ಲ. ಒಂದು ದಿನ ಪುಂಡಿನಾರಿನ ಉದ್ದ ಹಗ್ಗ ತಂದು, ಮಕ್ಕಳನ್ನು ಕರೆತರಲು ಎಂದು ಮೊಳಕ್ಕೊಂದರಂತೆ ಗಂಟು ಹಾಕುತ್ತ ಕೂತಳು.

“ಹುಡುಗ್ರೇನು ದನ ಏನಬೇ?” ಎಂದಳು ಲಿಂಗಕ್ಕ.

“ದನ ಆಗಿದ್ರ ಕುತ್ತಿಗಿಗೆ ಕಟ್ತಿದ್ದೆ ತಾಯಿ. ಇದನ್ನ ಅವರ ಹಿಡೀತಾರ. ನಾ ಅವರನ್ನ ಹಿಡಿಯಂಗಿಲ್ಲ.”

ಮರುದಿನದಿಂದ ಓಣಿ ಓಣಿ ತಿರುಗಿ ಅವಳು ಮುಂದೆ, ಗಂಟಿಗೊಬ್ಬರಂತೆ ಎಡಗೈಯಲ್ಲಿ ಹಗ್ಗ ಹಿಡಿದ ಮಕ್ಕಳ ಸಾಲು ಹಿಂದೆ. ಒಬ್ಬರ ಗಂಟನ್ನು ಇನ್ನೊಬ್ಬರು ಮುಟ್ಟಿದರೆ ಜಗಳವಾಗುತ್ತಿತ್ತು. ತಾಯಿತಂದೆ ದೂರದ ಕೂಲಿಗೆ ಹೋದಾಗ ಆ ಮಕ್ಕಳೆಲ್ಲ ಅವಳ ಪಡಸಾಲೆಯಲ್ಲೇ ಉಂಡು ಮಲಗುತ್ತಿದ್ದರು.

“ನೀನೂ ನಾಕಕ್ಷರ ಕಲಿ” ಎಂದು ಲಿಂಗಕ್ಕ ಒಮ್ಮೆ ಕರೆದಿದ್ದಳು.

“ನಾ ಒಳಗ ಕುಂತ್ರ ಹೊರಗ ಹಗ್ಗ ಯಾರು ಹಿಡೀಬೇಕು?”

*

ಗುಂಡಿಯ ಅಂಚಿನಲ್ಲಿ ಹೆಣ ಇಳಿಸಿ ಗಂಡಸರು ದಣಿವಾರಿಸಿಕೊಳ್ಳುತ್ತಿದ್ದರು. ಮಕ್ಕಳನ್ನು ದೂರದ ಜಾಲಿಯ ಕೆಳಗೆ ಕೂರಿಸಿದ್ದರು. ಇನ್ನು ತಡೆದರೆ ಆಗದು ಎಂದು ಲಿಂಗಕ್ಕ ಬಾಯಿ ಬಿಟ್ಟಳು.

“ಒಂದು ಮಾತೈತಿ. ಮುಂಜಾನೆ ಇನ್‌ಸ್ಪೆಕ್ಟರು ಬಂದಿದ್ರು. ಸಾಲಿ ಮುಚ್ತಾರಂತ. ಸೋಮವಾರ ನೀವೆಲ್ಲ ಹುಡುಗ್ರನ್ನ ಕರ್ಕೊಂಡು ಆದೋನಿಗೆ ಬಂದು ಕೇಳಿದ್ರ ಉಳೀಬಹುದು. ನಾಳಿ ರೈಲು ಹತ್ತಬ್ಯಾಡ್ರಿ.”

ಸಲಿಕೆಗೆ ಒರಗಿ ನಿಂತ ಮಾರೆಣ್ಣನ ಇಬ್ಬರು ಗಂಡುಮಕ್ಕಳೂ ಅದೇ ಶಾಲೆಯವರು. ಅವನೇ ಮೊದಲು ಬಾಯಿ ತೆರೆದ.

“ಉಳೀತು ಅನ್ರಿ. ನಾವು ಕೂಲಿಗೆ ಹೋದ್ರ ಹುಡುಗ್ರನ್ನ ಯಾರತ್ರ ಬಿಡೋದು? ಇಷ್ಟು ದಿನ ಈಕಿ ಇದ್ಲು.”

“ನಾ ಅದೀನಿ ಮಾರೆಣ್ಣ. ನನ್ನ ಮನ್ಯಾಗ ಇಟ್ಕೊಂತೀನಿ.”

“ನೀವು ಸರಕಾರದ ಮನುಷ್ಯಾರು. ನಾಳಿ ವರ್ಗ ಮಾಡಿ ಪತ್ತಿಕೊಂಡಕ್ಕ ಹೋಗು ಅಂದ್ರ ಹೋಗಾಕಬೇಕು.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಎರ್ರಮ್ಮ ಊರು ಬಿಟ್ಟು ಹೋಗಾಕಿ ಅಲ್ಲ. ಅದಕ್ಕ ಬಿಟ್ಟಿದ್ವಿ.”

“ಮೂಕಮ್ಮ, ನೀನರ ಹೇಳು. ನಿನ್ನ ಮಗಳು ಈಗೀಗ ಓದಾಕ ಹತ್ಯಾಳ.”

ಮೂಕಮ್ಮ ಗುಂಡಿಯನ್ನೇ ನೋಡುತ್ತಿದ್ದಳು. “ಕಾಲುವಿ ಮ್ಯಾಲ ಮಣ್ಣಿನ ಪುಟ್ಟಿ ಹೊರ್ತಾಳ ಬಿಡ್ರಿ. ನನ್ನ ಕಣ್ಮುಂದರ ಇರ್ತಾಳ.”

ಲಿಂಗಕ್ಕ ಒಬ್ಬೊಬ್ಬರ ಮುಖ ನೋಡಿದಳು. ಒಬ್ಬೊಬ್ಬರಾಗಿ ನೆಲ ನೋಡಿದರು.

“ಇನ್ನೊಂದು ಹಗ್ಗ ತರ್ರಿ, ಹೊತ್ತಾತು” ಎಂದ ಗುಂಡಿ ತೋಡಿದ ನರಸಣ್ಣ. ಎರ್ರಮ್ಮನ ಮನೆಯಿಂದ ಯಾರೋ ಹಗ್ಗ ತಂದಿದ್ದರು. ಗಂಟುಗಳನ್ನು ಕಂಡು ಲಿಂಗಕ್ಕ ಮುಂದೆ ಬಂದಳು.

“ಅದು ಬ್ಯಾಡ ನರಸಣ್ಣ. ಅದು ಹುಡುಗ್ರದು.”

“ಆಕಿದಲ್ಲೇನ್ರಿ?” ಎಂದ ನರಸಣ್ಣ, ನಿಜವಾಗಿಯೇ ಅರ್ಥವಾಗದೆ.

ಹಗ್ಗ ಅವನ ಅಂಗೈಯಿಂದ ಜಾರುತ್ತ, ಗಂಟು ಬಂದಲ್ಲೆಲ್ಲ ತಡೆದು, ಮತ್ತೆ ಜಾರುತ್ತ ಕೆಳಗಿಳಿಯಿತು. ಹೆಣ ಇಳಿಸಿದ ಹಗ್ಗ ಊರೊಳಗೆ ಬರಕೂಡದು. ಅದನ್ನೂ ಗುಂಡಿಗೆ ಬಿಟ್ಟರು. ಅದರ ಮೇಲೆ ಮಣ್ಣು ಬಿತ್ತು.

“ನಡೀರಿ ಇನ್ನ” ಎಂದು ಮೂಕಮ್ಮ ಜಾಲಿಯ ಕಡೆ ಕೂಗಿದಳು.

ಮಕ್ಕಳು ಎದ್ದರು. ಯಾರೂ ಹೇಳದೆಯೇ ಸಣ್ಣವರು ಮುಂದೆ, ದೊಡ್ಡವರು ಹಿಂದೆ, ಮೊಳ ಮೊಳ ದೂರ ಬಿಟ್ಟು ಸಾಲಾದರು. ಎಲ್ಲರ ಎಡಗೈಯೂ ಸೊಂಟದ ಮಟ್ಟಕ್ಕೆ ಬಂದು ಮುಷ್ಟಿ ಕಟ್ಟಿತು. ಊರ ಬಾಗಿಲು ದಾಟಿದ ಸಾಲು ಮನೆಗಳ ಕಡೆ ಹೊರಳದೆ, ಬೀಗ ಹಾಕಿದ ಶಾಲೆಯ ಮುಂದೆ ಹೋಗಿ ನಿಂತಿತು. ಒಬ್ಬರೂ ಮುಷ್ಟಿ ಬಿಚ್ಚಲಿಲ್ಲ.