ಉಜ್ಜಿದ ಅಂಕಿಯ ಹಿಂದೆ

“ಅಮ್ಮ, ಮೇಷ್ಟ್ರು ತಾತ ಯಾಕೆ ಪುಸ್ತಕನ ಹಿಂದಿನಿಂದ ಓದ್ತಾರೆ?”

ಮಗಳು ಕಂಡದ್ದು ನಿಜ. ನಮ್ಮ ಬೀದಿಯ ಶಿವರುದ್ರಸ್ವಾಮಿ ಮೇಷ್ಟ್ರು ಗುಜರಿ ಅಂಗಡಿಯಿಂದ ತಂದ ಹಳೆಯ ಪ್ರಾಕ್ಟಿಕಲ್ ರೆಕಾರ್ಡುಗಳ ಹಾಳೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು, ಬೆನ್ನ ಕಡೆಯಿಂದ ನೋಡುತ್ತಾರೆ. ರಬ್ಬರಿನಲ್ಲಿ ಅಳಿಸಿದ ಪೆನ್ಸಿಲ್ ಅಂಕಿಗಳ ಒತ್ತು ಅಲ್ಲಿ ಇನ್ನೂ ಉಳಿದಿರುತ್ತದೆ.

ಕೊಳ್ಳೇಗಾಲದ ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದವರು ಅವರು. ಮಾಸಿದ ಕೋಟಿನ ಜೇಬಿನಲ್ಲಿ ಸದಾ ಒಂದು ದಿಕ್ಸೂಚಿ. ಅದನ್ನು ಅಂಗೈಯಲ್ಲಿಟ್ಟುಕೊಂಡು, ತುಂಬಿದ ಲೋಟ ಹಿಡಿದವರಂತೆ ಮೆಲ್ಲಗೆ ನಡೆಯುತ್ತಾರೆ. ಯಳಂದೂರಿನ ಬಸ್ಸು ಬಂದು ನಿಂತರೂ ಒಮ್ಮೆ ಮುಳ್ಳು ನೋಡದೆ ಹತ್ತಿದವರಲ್ಲ. “ಬಸ್ಸು ಯಾವ ದಿಕ್ಕಿಗೆ ಓಯ್ತದೆ ಅಂತ ಡ್ರೈವರ್‌ಗೆ ಗೊತ್ತು, ಅತ್ರೀ ಅತ್ಲಾಗೆ!” ಎಂದು ಹೆಂಡತಿ ಕೆಂಪಾಜಮ್ಮ ಗದರುತ್ತಾರೆ.

ಅವರ ಹಂಬಲವೆಲ್ಲ ಹಳೆಯ ಪ್ರಯೋಗಾಲಯದ ಕಿಟಕಿ ಬದಿಯ ಒಂದು ಮೇಜಿನದು. ಉಳಿದ ಮೇಜುಗಳಿಗಿಂತ ಅಲ್ಲಿ ದಿಕ್ಸೂಚಿಯ ಮುಳ್ಳು ಎರಡು ಡಿಗ್ರಿ ಆಚೆ ನಿಲ್ಲುತ್ತಿತ್ತು. ಇಪ್ಪತ್ತು ವರ್ಷ ಅವರು ಅದನ್ನು ಮಕ್ಕಳ ಕೈತಪ್ಪೆಂದೇ ಬಗೆದು ಉಜ್ಜಿಸಿದರು. ನನ್ನ ಅಂಕಿಯನ್ನೂ ಉಜ್ಜಿಸಿದ್ದರು, ಅಂದು ನಾನು ಅತ್ತಿದ್ದೆ. ಅದು ಕೈತಪ್ಪಲ್ಲವೇನೋ ಎಂಬ ಅನುಮಾನ ಹುಟ್ಟುವಷ್ಟರಲ್ಲಿ ಅವರು ನಿವೃತ್ತರಾದರು, ಆ ವರ್ಷವೇ ಆ ಕಟ್ಟಡವನ್ನು ಕೆಡವಿದರು. ಗೋಡೆಯಲ್ಲಿ ಮುಳ್ಳನ್ನು ಎಳೆಯುತ್ತಿದ್ದ ಕಬ್ಬಿಣ ಸಿಕ್ಕೀತೆಂದು ಮೇಷ್ಟ್ರು ಜೆಸಿಬಿಯ ಪಕ್ಕ ದಿನವಿಡೀ ನಿಂತರು. ಸಿಕ್ಕಿದ್ದು ಬರೀ ಕಲ್ಲು, ಗಾರೆ. ಈಗ ಅಲ್ಲಿ ಕಬ್ಬಿಣದ ಸರಳುಗಳ ಹೊಸ ಕಟ್ಟಡವಿದೆ, ಇನ್ನು ಅಳೆದು ನೋಡುವಂತೆಯೂ ಇಲ್ಲ.

“ಬುಧಗ್ರಹ ಲೆಕ್ಕಕ್ಕಿಂತ ಕೂದಲೆಳೆಯಷ್ಟು ಜಾರ್ತಿತ್ತು ಕಣವ್ವ. ಅದ್ನ ಯಾರೂ ಉಜ್ನಿಲ್ಲ. ಐವತ್ತು ವರ್ಷ ಆದ್ಮೇಲೆ ಗುರುತ್ವಾಕರ್ಷಣೆ ಪಾಠವೇ ಬದಲಾಯ್ತು. ನನ್ ಮೇಜಿನ ಕೆಳ್ಗೆ, ನೆಲದಲ್ಲಿ ಏನಿತ್ತೋ… ನಾನು ಉಜ್ಜಿಸ್ಬುಟ್ಟೆ,” ಎನ್ನುತ್ತಾರೆ ಮೇಷ್ಟ್ರು.

ಲೆಕ್ಕ ಸರಿಬಂದವರು ಪುಸ್ತಕ ಮುಚ್ಚಿ ಊಟಕ್ಕೇಳುತ್ತಾರೆ. ಸರಿಬಾರದ ಒಂದು ಅಂಕಿಯನ್ನು ಪ್ರೀತಿಸಿದವರಿಗೆ ಮಾತ್ರ ಆ ನೆಮ್ಮದಿಯಿಲ್ಲ. ಜಗತ್ತಿನ ಹೊಸ ತಿಳಿವು ಬಹುಶಃ ಇಂಥವರ ತೀರದ ಹಸಿವಿನಿಂದಲೇ ಹುಟ್ಟುತ್ತದೆ.

ಭಾನುವಾರ ಅವರೇ ನಮ್ಮ ಮನೆಗೆ ಬಂದರು. “ಆ ಮೇಜಿನ ಕೊನೇ ಬ್ಯಾಚು ನಿಮ್ದು. ನೀನು ಎಲ್ಲಾನೂ ಬರ್ದು ಮಡಗೋಳು. ನಿನ್ ರೆಕಾರ್ಡು ಅದಾ?”

ಟ್ರಂಕಿನಲ್ಲಿ ಮಗಳ ತೊಟ್ಟಿಲ ಬಟ್ಟೆಗಳಡಿ ಇತ್ತು, ತೆಗೆದುಕೊಟ್ಟೆ. ಬೆಳಕಿಗೆ ಹಿಡಿದರು, ಕಣ್ಣು ಕಿರಿದು ಮಾಡಿದರು, ಕನ್ನಡಕ ಒರೆಸಿ ಮತ್ತೆ ಹಿಡಿದರು. ಆಮೇಲೆ ಹಾಳೆಯನ್ನು ನನ್ನ ಕೈಗೇ ಕೊಟ್ಟರು.

“ಕಣ್ಗೆ ಪೊರೆ ಬಂದದೆ, ಕಾಣಾಕಿಲ್ಲ. ಉಜ್ಜಿರೋದ್ರ ಕೆಳ್ಗೆ ಏನದೆ, ನೀನೇ ಓದವ್ವ. ಮೇಷ್ಟ್ರಿಗೆ ಖುಷಿಯಾಗ್ಲಿ ಅಂತ ಎರಡು ಡಿಗ್ರಿ ಸೇರಿಸ್ಬ್ಯಾಡ. ಏನದೋ ಅದ್ನೇ ಓದು.”