ಇಬ್ಬರ ಡಿಸೆಂಬರ್ ಮೂರು

ಬೀಗದಣ್ಣ ಬೀಗದ ಕೈಗಳ ಗೊಂಚಲನ್ನು ಬೆಂಚಿನ ಮೇಲೆ ಬಿಚ್ಚಿ, ಒಂದೊಂದಕ್ಕೂ ಚೀಟಿ ಕಟ್ಟುತ್ತಿದ್ದ. ಟೈಪಿಸ್ಟಮ್ಮ ಮೊದಲು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ನೀರು ಸರಬರಾಜು ಕಚೇರಿಗೆ ಜವಾನನಾಗಿ ಸೇರಿದ ಮೇಲೆ ಆತ ಆ ಗೊಂಚಲನ್ನು ಸೊಂಟದಿಂದ ಇಳಿಸಿದವನೇ ಅಲ್ಲ. ಅದಕ್ಕೇ ಆ ಹೆಸರು. ಯಾವ ಕಪಾಟಿಗೆ ಯಾವ ಕೈ ಎಂದು ಕತ್ತಲಲ್ಲೂ ಬೆರಳಿಗೇ ಗೊತ್ತಿರುವವನಿಗೆ ಚೀಟಿ ಯಾಕೆ ಎಂದು ಅವಳಿಗೆ ಹೊಳೆದದ್ದು ಚಹಾ ಕುಡಿದಾದ ಮೇಲೆ. ಕೇಳಿದಳು. ನನ್ನ ನಂತರ ಬರುವವರು ಪರದಾಡಬಾರದಲ್ಲ, ಉಳಿದಿರುವುದು ಮೂರೇ ದಿನ ಎಂದು ಆತ ಜೇಬಿನಿಂದ ಒಂದು ಕಾಗದ ತೆಗೆದುಕೊಟ್ಟ.

ಅವಳೇ ಮುದ್ರಿಸಿದ ಕಾಗದ. ಅರವತ್ತು ತುಂಬುವ ಮಾರ್ಚ್ ಹನ್ನೆರಡರಂದು ತಾವು ನಿವೃತ್ತರಾಗುತ್ತೀರಿ ಎಂದಿತ್ತು. ಬೀಗದಣ್ಣನ ಹುಟ್ಟಿದ ದಿನ ಡಿಸೆಂಬರ್ ಮೂರು. ಅದು ಗೊತ್ತಿಲ್ಲದವರು ಆ ಕಚೇರಿಯಲ್ಲಿ ಯಾರಿದ್ದಾರೆ?

ಆ ದಿನಕ್ಕೊಂದು ಕಥೆಯೇ ಇದೆ. ಕೆಲಸಕ್ಕೆ ಸೇರಲು ಬಂದಾಗ ಆತ ಅಪ್ಪ ಅಮ್ಮನ ಮುಖ ಕಾಣದ ಹುಡುಗ. ಹುಟ್ಟಿದ ತಾರೀಕು ಕೇಳಿದರೆ ಗೊತ್ತಿಲ್ಲ ಎಂದನಂತೆ. ಆಗಿನ ಹೆಡ್ ಕ್ಲರ್ಕು ಮಹಾ ಸಿಡುಕ, ಆದರೆ ಮನಸ್ಸು ಬೆಣ್ಣೆ. ಕನ್ನಡಕದ ಮೇಲಿಂದ ನೋಡಿ, "ನಂದು ಡಿಸೆಂಬರ್ ಮೂರು. ನೀನೂ ಅದನ್ನೇ ಇಟ್ಕೋ, ಇಬ್ಬರಿಗೂ ಸಾಕಾಗತ್ತೆ" ಅಂದರಂತೆ. ಅಂದಿನಿಂದ ಪ್ರತಿ ವರ್ಷ ಆ ದಿನ ಇಬ್ಬರೂ ದುಡ್ಡು ಹಾಕಿ ಎಲ್ಲರಿಗೂ ಬಿಸ್ಕತ್ತು ಹಂಚುತ್ತಿದ್ದರು. ಹೆಡ್ ಕ್ಲರ್ಕು ತೀರಿಹೋಗಿ ಹದಿನೆಂಟು ವರ್ಷವಾಯಿತು. ಬೀಗದಣ್ಣ ಈಗಲೂ ಎರಡು ಪೊಟ್ಟಣ ತರುತ್ತಾನೆ, ಒಂದು ಅವರ ಲೆಕ್ಕದ್ದು. ಹತ್ತೊಂಬತ್ತರ ಹುಡುಗಿಯಾಗಿ ಟೈಪಿಂಗ್ ಯಂತ್ರದ ಮುಂದೆ ಕೂತು, ರಿಬ್ಬನ್ನು ಹಾಕಲು ಬಾರದೆ ಕೈಯೆಲ್ಲ ಮಸಿ ಮಾಡಿಕೊಂಡು ಅತ್ತಿದ್ದ ಟೈಪಿಸ್ಟಮ್ಮನಿಗೆ, ಈಗ ಆ ದಿನಗಳೇ ಚೆನ್ನಾಗಿದ್ದವೆನಿಸುತ್ತದೆ. ರಿಬ್ಬನ್ನು ಹಾಕುವುದನ್ನು ಕಲಿಸಿದವನೂ ಬೀಗದಣ್ಣನೇ.

ಈಗೆಲ್ಲ ಕಂಪ್ಯೂಟರು. ಪಟ್ಟಿಯಿಂದ ಹೆಸರು, ತಾರೀಕು ತಾವಾಗಿಯೇ ಬಂದು ಕಾಗದದಲ್ಲಿ ಕೂರುತ್ತವೆ. ನಿವೃತ್ತಿಯ ದಿನ ತಿಳಿಸುವ ನಲವತ್ತೊಂದು ಕಾಗದ ಕಣ್ಣು ಮುಚ್ಚಿ ಬಿಡುವುದರೊಳಗೆ ತಯಾರು. ಬೆಂದ ಅನ್ನಕ್ಕೆ ಒಂದಗುಳು ಹಿಚುಕಿದರೆ ಸಾಕಲ್ಲವೇ, ಅವಳು ಮೊದಲ ಮೂರನ್ನು ಓದಿ ನೋಡಿದ್ದಳು. ಅವುಗಳ ತಾರೀಕು ಇಪ್ಪತ್ತೈದು, ಹದಿನೇಳು, ಮೂವತ್ತು, ಎಲ್ಲ ಸರಿ. ಉಳಿದವನ್ನು ಲಕೋಟೆಗೆ ತುಂಬಿದಳು. ಪಟ್ಟಿಯಲ್ಲಿದ್ದದ್ದು ದಿನ ಮೊದಲು, ತಿಂಗಳು ಆಮೇಲೆ. ಕಂಪ್ಯೂಟರು ತಿಂಗಳೇ ಮೊದಲೆಂದು ಓದಿತ್ತು. ಹದಿನೇಳನೇ ತಿಂಗಳು ಇಲ್ಲವಾದ್ದರಿಂದ ಅಂಥವು ಬಚಾವಾದವು. ಹನ್ನೆರಡರೊಳಗಿನ ದಿನಗಳೆಲ್ಲ ತಿರುವುಮುರುವು; ಡಿಸೆಂಬರ್ ಮೂರು ಮಾರ್ಚ್ ಹನ್ನೆರಡಾದದ್ದು ಹಾಗೆ.

ಹೆಡ್ ಕ್ಲರ್ಕು ಬಡಿದುಕೊಳ್ಳುತ್ತಿದ್ದರು: ತಿಂಗಳನ್ನು ಅಕ್ಷರದಲ್ಲಿ ಬರೀರಿ, ಅಂಕಿಗೆ ಬಾಯಿಲ್ಲ, ಯಾರು ಹೇಗೆ ಓದಿದರೂ ಸುಮ್ಮನಿರುತ್ತೆ ಎಂದು. ಮುದುಕರ ಗೊಣಗಾಟವೆಂದು ನಕ್ಕವರಲ್ಲಿ ಅವಳೂ ಒಬ್ಬಳು. ಮಾಡಿದ್ದುಣ್ಣೋ ಮಹಾರಾಯ.

"ಅಣ್ಣಾ, ತಾರೀಕು ತಪ್ಪಾಗಿದೆ ಅಂತ ನಿಂಗೆ ಗೊತ್ತಾಗ್ಲಿಲ್ವಾ? ಇನ್ನೂ ಒಂಬತ್ತು ತಿಂಗಳಿದೆ. ಒಂದು ಮಾತು ಕೇಳ್ಬಾರ್ದಿತ್ತಾ?"

ಬೀಗದಣ್ಣ ಚೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ಕೂತ.

"ಹುಟ್ಟಿದ ದಿನ ನನ್ನದೇ ಆಗಿದ್ರೆ ಕೇಳ್ತಿದ್ದೆ ತಂಗಿ. ಅದು ಆಫೀಸು ಕೊಟ್ಟಿದ್ದು. ಕೊಟ್ಟೋರು ವಾಪಸ್ ತಗೊಂಡ್ರು ಅಂದ್ಕೊಂಡೆ."

ಟೈಪಿಸ್ಟಮ್ಮ ಹಳೆಯ ಕಪಾಟಿನ ಬೀಗದ ಕೈ ಕೇಳಿ ಇಸಿದುಕೊಂಡು, ಅಂಚು ಹರಿದ ಸೇವಾ ಪುಸ್ತಕವನ್ನು ಹುಡುಕಿ ತಂದು ಅವನ ಮುಂದೆ ತೆರೆದಳು. ಹೆಡ್ ಕ್ಲರ್ಕಿನ ದುಂಡು ಅಕ್ಷರ, ಹಸಿರು ಮಸಿ. 'ಡಿಸೆಂಬರ್ ಮೂರು.' ಇಷ್ಟು ವರ್ಷ ಆ ಕಪಾಟಿನ ಬೀಗ ತೆಗೆಯುತ್ತ ಹಾಕುತ್ತ ಬಂದವನು ಆ ಪುಟವನ್ನು ಒಮ್ಮೆಯೂ ನೋಡಿರಲಿಲ್ಲ.

"ಕಾಗದದಲ್ಲಿ ತಪ್ಪು ಮಾಡಿದ್ದು ನಾನು" ಎಂದಳು. "ಅವರು ಕೊಟ್ಟಿದ್ದು ಇಲ್ಲೇ ಇದೆ ನೋಡು."

ಆತ ಅಕ್ಷರಗಳ ಮೇಲೆ ಬೆರಳಿಟ್ಟು ಎರಡೆರಡು ಸಲ ಓದಿದ. ಕಣ್ಣು ತುಂಬಿ ಬಂದದ್ದನ್ನು ಮರೆಮಾಚಲೂ ಹೋಗಲಿಲ್ಲ. ಅವಳು ಸಾಹೇಬರ ಹತ್ತಿರ ಹೋಗಿ ತಪ್ಪೊಪ್ಪಿಕೊಂಡು ಬೈಸಿಕೊಂಡಳು. ನಲವತ್ತೊಂದು ಕಾಗದಗಳನ್ನೂ ಒಂದೊಂದಾಗಿ ಓದುತ್ತ, ತಿಂಗಳನ್ನು ಅಕ್ಷರದಲ್ಲೇ ಬರೆದಿದ್ದ ಸೇವಾ ಪುಸ್ತಕಗಳೊಂದಿಗೆ ಹೋಲಿಸಿ ತಿದ್ದುವಷ್ಟರಲ್ಲಿ ಸಂಜೆಯಾಯಿತು.

ಹೊರಡುವಾಗ ನೋಡಿದರೆ ಬೀಗದಣ್ಣ ಚೀಟಿಗಳನ್ನೆಲ್ಲ ಬಿಚ್ಚಿ, ದಾರದ ಸಮೇತ ಮೇಜಿನ ಖಾನೆಯಲ್ಲಿ ಜೋಡಿಸಿಡುತ್ತಿದ್ದ. ಗೊಂಚಲು ಮತ್ತೆ ಸೊಂಟ ಸೇರಿತ್ತು.

"ಇರ್ಲಿ, ಡಿಸೆಂಬರಲ್ಲಿ ಕಟ್ತೀನಿ. ಬಿಸ್ಕತ್ತು ಹಂಚಿಯಾದ ಮೇಲೆ" ಎಂದ.