ಕೇಫನ ಕಣ್ಣು

"ಅಳತೆ ತಗೊಳ್ಳುವಾಗ ನನ್ನ ಕಣ್ಣು ಪಾಪ ಮಾಡ್ತು," ಎಂದ ಕೇಫ, ಪ್ರಾರ್ಥನಾ ಕೂಟದ ನಡುವೆ ಎದ್ದು ನಿಂತು. "ಒಬ್ಬ ಹೆಂಗಸನ್ನ ನೋಡಬಾರದ ಹಾಗೆ ನೋಡ್ದೆ. ದೇವರ ಮುಂದೆ, ನಿಮ್ಮೆಲ್ಲರ ಮುಂದೆ ಒಪ್ಕೊಳ್ತಿದೀನಿ."

ಯಾರೋ ಕೀರ್ತನೆ ಎತ್ತಿದರು. ಶುಕ್ರವಾರದ ಕೂಟಕ್ಕೆ ಇದೇನೂ ಹೊಸದಲ್ಲ. ಪಾಪವನ್ನು ಬಚ್ಚಿಡದೆ ಬೆಳಕಿಗೆ ತರಬೇಕೆಂಬುದು ಅಲ್ಲಿನವರೆಲ್ಲ ಒಪ್ಪಿಕೊಂಡ ದಾರಿ. ಹಿಂದಿನ ವಾರವಷ್ಟೇ ಒಬ್ಬ, ನೆರೆಯವನ ಬಾಳೆಗೊನೆ ಕದ್ದದ್ದನ್ನು ಹೇಳಿ ಬಿಕ್ಕಿ ಬಿಕ್ಕಿ ಅತ್ತಿದ್ದ. ಗಂಡಸರು ಎದ್ದು ಕೇಫನನ್ನು ತಬ್ಬಿಕೊಂಡರು. ಚಾಪೆಯ ಮೇಲೆ ಹೆಂಗಸರ ಜೊತೆ ಕೂತಿದ್ದ ಅವನ ಹೆಂಡತಿ ಕೆಜಿಯಾ ಮಾತ್ರ ಸುತ್ತ ಕಣ್ಣಾಡಿಸಿದಳು. ಗಂಡನ ಹತ್ತಿರ ಬಟ್ಟೆ ಹೊಲಿಸಿಕೊಂಡವರ ಮುಖಗಳನ್ನು ಒಂದೊಂದಾಗಿ ದಾಟುತ್ತ ಹೋದ ಅವಳ ನೋಟ, ಶಾಲೆಯ ಟೀಚರ್ ನಲ್ವೋಗಳ ನೀಳ ಕೊರಳಿನ ಮೇಲೆ ಹೋಗಿ ನಿಂತಿತು. ನಲ್ವೋಗ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಚೆನ್ನಾಗಿ ಹಾಡುತ್ತಿದ್ದಳು.

ಮನೆಯ ಬಾಗಿಲು ದಾಟುವ ಮೊದಲೇ ಕೆಜಿಯಾ ಕೇಳಿದಳು. "ಯಾರು ಅವಳು?"

"ದೇವರಿಗೆ ಹೇಳಿದೀನಿ, ಕೆಜಿಯಾ."

"ಸಂಸಾರ ಮಾಡ್ತಿರೋದು ದೇವರ ಜೊತೆನಾ, ನನ್ನ ಜೊತೆನಾ?"

"ಅವಳದ್ದೇನೂ ತಪ್ಪಿಲ್ಲ. ಅವಳಿಗೆ ಗೊತ್ತೂ ಇಲ್ಲ. ಹೆಸರು ಹೇಳಿದ್ರೆ ಸುಮ್ಮನೆ ಅವಳ ಮಾನ ಹೋಗುತ್ತೆ."

"ಅಬ್ಬಬ್ಬಾ, ಅವಳ ಮಾನದ ಮೇಲೆ ಅದೆಷ್ಟು ಅಕ್ಕರೆ!" ಎಂದಳು ಕೆಜಿಯಾ. "ಪಾಪ ಮಾಡಿಸೋ ಕಣ್ಣನ್ನ ಕಿತ್ತು ಬಿಸಾಕು ಅಂತ ಯೇಸುಸ್ವಾಮಿ ಹೇಳಿದ್ದು ನಿಮ್ಮನ್ನ ಬಿಟ್ಟಾ? ನಿಮ್ಮವು ಎರಡೂ ಇದ್ದ ಜಾಗದಲ್ಲೇ ಇವೆಯಲ್ಲ!"

ಕೇಫ ಮಾತಿಗೆ ಮಾತು ಬೆಳೆಸುವವನಲ್ಲ. ವೇದದ ಮಾತನ್ನು ಹಗುರಾಗಿ ತೆಗೆದುಕೊಳ್ಳುವವನೂ ಅಲ್ಲ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದನ್ನು ಕೊಡಬೇಕು ಎಂದು ಓದಿ, ಕೊಟ್ಟೇಬಿಟ್ಟು, ಮಳೆಗಾಲವಿಡೀ ಉಳಿದೊಂದನ್ನೇ ಒಗೆದು ತೊಟ್ಟವನು. ಮರುದಿನ ಬೆಳಿಗ್ಗೆ ಅವನು ಕಪ್ಪು ಲೈನಿಂಗ್ ಬಟ್ಟೆಯ ಪಟ್ಟಿಯೊಂದನ್ನು ಬಲಗಣ್ಣಿಗೆ ಬಿಗಿದುಕೊಂಡು ಮನೆ ಮುಂದಿನ ಜಗಲಿಯಲ್ಲಿ ಹೊಲಿಗೆ ಮಷಿನ್ ಹತ್ತಿರ ಕೂತ.

"ಕೀಳೋ ಧೈರ್ಯ ಇನ್ನೂ ಬಂದಿಲ್ಲ," ಎಂದ. "ಬರೋವರೆಗೆ ಇದು."

ಕೆಜಿಯಾಳ ಎದೆ ಒಮ್ಮೆ ಝಲ್ಲೆಂದಿತು. ಆದರೆ ಅದರ ಹಿಂದೆಯೇ ಏನೋ ಒಂದು ಸಿಹಿ ಹರಿದಾಡಿತು. ಅವಳು ಬೇಡವೆನ್ನಲಿಲ್ಲ.

ಅಂದಿನಿಂದ ಹೆಂಗಸರ ಅಳತೆ ತೆಗೆಯುವುದು ಅವಳ ಕೆಲಸವಾಯಿತು. ಮನೆ ಮುಂದಿನ ಮಸಾಕ ರಸ್ತೆಯಲ್ಲಿ ಬಾಡಿಗೆ ಬೈಕು ಓಡಿಸುವವರು, "ಏನ್ ಟೈಲರ್ ಅಣ್ಣಾ, ಅರ್ಧ ಊರು ನೋಡಿದ್ರೆ ಸಾಕಾ?" ಎಂದು ಕೂಗಿ ಹೋಗುತ್ತಿದ್ದರು. ಕೇಫ ತಲೆ ತಗ್ಗಿಸಿ ಹೊಲಿಯುತ್ತಿದ್ದ. ಹೊಲಿಗೆ ಸೊಟ್ಟಗೆ ಹೋದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದ.

ನಲ್ವೋಗ ಹೊಸ ಗೊಮೆಸಿ, ಅಲ್ಲಿನ ಹೆಂಗಸರು ತೊಡುವ ನೆಲಮುಟ್ಟುವ ನಿಲುವಂಗಿ, ಹೊಲಿಸಲು ಬಂದಳು. ಜಗಲಿಯಲ್ಲಿ ಮಂಡಿಯೂರಿ, "ಹೇಗಿದೀರಿ ಅಣ್ಣಾ?" ಎಂದಳು. ಆ ಸೀಮೆಯಲ್ಲಿ ಎಲ್ಲ ಹೆಂಗಸರೂ ಗಂಡಸರನ್ನು ಹಾಗೇ ಮಂಡಿಯೂರಿ ಮಾತಾಡಿಸುವುದು. ಆದರೆ ಇವಳು ಮಂಡಿಯೂರಿದ್ದರಲ್ಲಿ ಏನೋ ಬೇರೆ ಬೆಡಗಿದೆ ಎನ್ನಿಸಿತು ಕೆಜಿಯಾಳಿಗೆ. ಕೇಫ ನೆಲ ನೋಡುತ್ತಲೇ ಉತ್ತರ ಕೊಟ್ಟ. ಇವಳೇ ಅಲ್ಲದಿದ್ದರೆ ನೆಲ ಯಾಕೆ ನೋಡಬೇಕು?

"ಅಣ್ಣನ ಕಣ್ಣಿಗೇನಾಯ್ತಕ್ಕಾ, ಪಾಪ?" ನಲ್ವೋಗ ಒಳಗೆ ಬಂದು ಕೈ ಎತ್ತಿ ನಿಂತು ಕೇಳಿದಳು.

"ಕಸ ಬಿದ್ದಿದೆ," ಎಂದಳು ಕೆಜಿಯಾ. ಟೇಪನ್ನು ಆ ಸಣ್ಣ ನಡುವಿನ ಸುತ್ತ ತಂದಾಗ ಸೋಪಿನ ನವಿರು ವಾಸನೆ ಮೂಗಿಗೆ ಬಡಿಯಿತು. ಟೇಪನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದಳು.

ಆ ಸಂಜೆ ಊಟಕ್ಕೆ ಬಡಿಸುತ್ತ, "ಎಡಗಣ್ಣೇನು ಸಂನ್ಯಾಸ ತಗೊಂಡಿದೆಯಾ?" ಎಂದು ಕೇಳಿಬಿಟ್ಟಳು. ಕೇಫ ತಿನ್ನುವುದನ್ನು ನಿಲ್ಲಿಸಿದ. ತಟ್ಟೆಯಲ್ಲಿ ಕಡಲೆಕಾಯಿ ಸಾರು ಹಾಗೇ ಆರಿತು.

ಮರುದಿನ ಮಧ್ಯಾಹ್ನ, ಕೂಟದ ಹಿರಿಯಳಾದ ಎರಿನಾ ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿ, ಅವಳ ಗೊಮೆಸಿ ತರಲು ಕೆಜಿಯಾ ಒಳಗೆ ಹೋದಳು. ಕೇಫ ಕೋಣೆಯಲ್ಲಿ ಮಂಡಿಯೂರಿದ್ದ. ಪಟ್ಟಿ ಕೊರಳಿಗೆ ಜಾರಿತ್ತು. ತುಟಿಗಳು ಅಲುಗುತ್ತಿದ್ದವು. ಕೈಯಲ್ಲಿ ಗೋಣಿ ಹೊಲಿಯುವ ದಬ್ಬಣ. ಅದರ ಮೊನೆ ಬಲಗಣ್ಣಿನ ಹತ್ತಿರಕ್ಕೆ ಬಂದಿತ್ತು.

ಕಿರುಚಿದ್ದು ತಾನೇ ಎಂದು ಅವಳಿಗೆ ಆಮೇಲೆ ತಿಳಿಯಿತು. ಅವಳು ಕಸಿದೆಸೆದ ದಬ್ಬಣ ಗೋಡೆಗೆ ಬಡಿದು ಬಿತ್ತು.

"ಹುಚ್ಚು ಹಿಡೀತಾ ನಿಮಗೆ?"

"ನೀನೇ ಹೇಳಿದ್ದಲ್ವಾ," ಎಂದ ಕೇಫ. ದನಿಯಲ್ಲಿ ದೂರು ಇರಲಿಲ್ಲ. "ನೀನು ಹೇಳಿದ್ದು ಸರೀನೇ. ಹಾಗೇ ಬರ್ದಿದೆ."

ಎರಿನಾ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಕೇಳಬೇಕಾದ್ದನ್ನೆಲ್ಲ ಕೇಳಿ ತಿಳಿದುಕೊಂಡು, ಅವನ ಪಕ್ಕ ನೆಲದ ಮೇಲೆ ಕೂತಳು.

"ಕೂಟದವರೆಲ್ಲ ಹೀಗೇ ಮಾಡಿದ್ರೆ ಕೀರ್ತನೆ ಪುಸ್ತಕ ಓದೋಕೆ ಒಬ್ಬರಾದ್ರೂ ಉಳೀತಿದ್ರೇನೋ ಮಗಾ?"

"ಕಣ್ಣು ಅಂತಲೇ ಇದೆಯಲ್ಲಜ್ಜಿ."

"ಇದೆ. ನನ್ನ ಯಜಮಾನರಿಗೆ ಎರಡು ಕಣ್ಣೂ ಹೋಗಿತ್ತು. ಆದರೂ ರಸ್ತೇಲಿ ಹೆಂಗಸರ ದನಿ ಕೇಳಿದ್ರೆ ಸಾಕು, ಕಾಲರ್ ಸರಿ ಮಾಡ್ಕೊಳ್ಳೋರು. ಪಾಪ ಕಣ್ಣಲ್ಲಿ ವಾಸ ಮಾಡಿದ್ರೆ ಅವರು ಸಂತರಾಗಬೇಕಿತ್ತು." ಕೇಫ ನಗಲಿಲ್ಲ, ಅವನ ಹೆಗಲು ಮಾತ್ರ ಸಡಿಲಾಯಿತು. ಅಜ್ಜಿ ಕೆಜಿಯಾಳತ್ತ ತಿರುಗಿದಳು. "ನೀನೂ ಓದಿದೀಯಲ್ಲ, ತಾಯಿ. 'ನಿನ್ನ ಕಣ್ಣು' ಅಂತ ತಾನೆ ಬರ್ದಿರೋದು? 'ನಿನ್ನ ಗಂಡನ ಕಣ್ಣು' ಅಂತ ಎಲ್ಲಿ ಓದಿದೆ?"

ಕೆಜಿಯಾ ಗಂಡನ ಕೊರಳಿನ ಪಟ್ಟಿಯ ಗಂಟು ಬಿಚ್ಚಿ ತೆಗೆದಳು.

ಶನಿವಾರ ನಲ್ವೋಗ ಗೊಮೆಸಿ ತೊಟ್ಟು ನೋಡಲು ಬಂದಳು. ನಡು ಬಿಗಿಯಾಗಿತ್ತು. ಮತ್ತೆ ಅಳೆಯಬೇಕಿತ್ತು. ಕೇಫ ಹೆಂಡತಿಯ ಮುಖ ನೋಡಿದ.

"ನೀವೇ ಅಳೀರಿ," ಎಂದಳು ಕೆಜಿಯಾ. "ನನಗೆ ಅಡುಗೆ ಇದೆ."

ಹಿತ್ತಲಿಗೆ ಹೋಗಿ ಬಾಳೆಕಾಯಿಯ ಗೊನೆ ಮುಂದಿಟ್ಟುಕೊಂಡು ಸಿಪ್ಪೆ ಹೆರೆಯತೊಡಗಿದಳು. ಅಳತೆ ತೆಗೆಯುವ ಕೋಣೆಯ ಕಿಟಕಿ ಅವಳಿಗೆ ನೇರ ಎದುರಿಗಿತ್ತು. "ಕೈ ಸ್ವಲ್ಪ ಎತ್ತು," ಎಂದ ಕೇಫನ ದನಿ ಕೇಳಿತು. ಚಾಕು ನಿಂತಿತು. ನಲ್ವೋಗ ಏನಕ್ಕೋ ನಕ್ಕಳು. ಕೆಜಿಯಾ ಎದ್ದು, ಮಣೆಯನ್ನು ಎತ್ತಿ ತಿರುಗಿಸಿಟ್ಟು, ಕಿಟಕಿಗೆ ಬೆನ್ನು ಕೊಟ್ಟು ಕೂತಳು. ಇಬ್ಬರಿಗೆ ಸಾಕಾಗುವಷ್ಟು ಆದಮೇಲೂ ಹೆರೆಯುತ್ತಲೇ ಇದ್ದಳು. ಬಾಳೆಯ ಸೊನೆ ಬೆರಳುಗಳಿಗೆಲ್ಲ ಅಂಟಿ, ಮೆಲ್ಲಗೆ ಕಪ್ಪಾಗುತ್ತಿತ್ತು.